ಕೇಳಿಸಿಕೊಂಡವಳು

ಹರಾಜಿನವರು ಪಾಠಕ್ಕೆ ಬರುವ ದಿನ ಅವಳಿಗೆ ಬೆಳಗಿನಿಂದಲೇ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಕನ್ನಡಕದಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಂದರಲ್ಲಿ ಬರುವವರು ಕಾಯುತ್ತಾರೆ, ಇನ್ನೊಂದರಲ್ಲಿ ಅವಳು ಮಾತು ಕಲಿಸುತ್ತಾಳೆ. ತೊದಲುವವರು, ಗಂಟಲಿನ ಆಪರೇಷನ್ ಆದವರು, ಲಕ್ವ ಹೊಡೆದು ಒಂದು ಬೆಳಿಗ್ಗೆ ಎದ್ದಾಗ ಬಾಯಲ್ಲಿದ್ದ ಮಾತೆಲ್ಲ ಖಾಲಿಯಾಗಿದ್ದವರು. ನಾನು ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಎಲ್ಲರೂ ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದರು. ಈಚೆಗೆ ಅವಳೂ ತಿದ್ದುವುದನ್ನು ಬಿಟ್ಟಿದ್ದಳು. ಚಿತ್ರದ ಕಾರ್ಡುಗಳನ್ನು ಜೋಡಿಸಿದಳು: ದೀಪ, ಬಾಗಿಲು, ಬಟ್ಟಲು, ಕೊಡೆ. ಮತ್ತೆ ಕಲೆಸಿದಳು. ಮೇಜಿನ ಮೇಲಿನ ಕನ್ನಡಿ ಒರೆಸಿದಳು. ಬಾಯಿಯ ಆಕಾರ ನೋಡಿಕೊಂಡು ಅಕ್ಷರ ಹೇಳಲಿ ಎಂದು ಇಟ್ಟ ಕನ್ನಡಿ ಅದು. ಅದರಲ್ಲಿ ಇವತ್ತು ತನ್ನ ಮುಖವೇ ಎದುರಾಗಿ, ಬೇರೆಯವರ ಕಿಟಕಿಯ ಕೆಳಗೆ ಸಿಕ್ಕಿಬಿದ್ದವಳ ಮುಖದ ಹಾಗಿದೆಯಲ್ಲ ಅನ್ನಿಸಿ, ಒರೆಸುತ್ತಿದ್ದ ಬಟ್ಟೆಯನ್ನೇ ಅದರ ಮೇಲೆ ಹೊದಿಸಿ ಬಿಟ್ಟಳು. ಹೇಳಲೇಬೇಕು. ಇವತ್ತು ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ. ಆದರೆ ಹೇಗೆ ಶುರುಮಾಡುವುದು? 'ನಿಮ್ಮ ಮನೆಯಲ್ಲಿ ನೀವಿಬ್ಬರೇ ಇದ್ದೀರಿ ಅಂದುಕೊಂಡಿದ್ದಿರಲ್ಲ, ನಾನೂ ಇದ್ದೆ' ಎಂದೇ?

ಶುರುವಾದದ್ದು ಒಂದು ಭಾನುವಾರ, ತನ್ನ ಮನೆಯ ಊಟದ ಮೇಜಿನ ಮೇಲೆ. ಅಲ್ಲಿಯವರೆಗೆ ಮನೆಪಾಠಗಳನ್ನು ಅವಳು ಫೋನಿನಿಂದಲೇ ಒಬ್ಬೊಬ್ಬರಿಗೂ ಕಳಿಸುತ್ತಿದ್ದಳು. ತನ್ನ ದನಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದ ಪದಗಳು. ಅವರು ಅದನ್ನು ತಿರುಗಿ ಹೇಳಿ ಕಳಿಸಬೇಕು. ಒಮ್ಮೆ ತೊದಲುವ ವಕೀಲರಿಗೆ ಹೋಗಬೇಕಾದದ್ದು ಗಂಟಲು ಕೊಯ್ಸಿಕೊಂಡ ಅಜ್ಜಿಗೆ ಹೋಗಿ, ಅಜ್ಜಿ ಪಾಪ, 'ಸ್ವಾಮೀ, ನನ್ನ ಕಕ್ಷಿದಾರರು ನಿರಪರಾಧಿ' ಎಂದು ಗೊರಗೊರನೆ ಅಭ್ಯಾಸ ಮಾಡಿ ಕಳಿಸಿದ್ದಳು. ನಗು ಬಂದಿತ್ತು, ನಾಚಿಕೆಯೂ ಆಗಿತ್ತು. ಆಗ ಗಂಡ, ಹಾಗಾದ್ರೆ ಒಂದು ಪೋರ್ಟಲ್ ಮಾಡಿಕೊಡ್ತೀನಿ ಅಂದ. ಅವನದು ನೀರು ಪರೀಕ್ಷೆ ಮಾಡುವ ಲ್ಯಾಬು. ಅಲ್ಲಿ ಹೋಟೆಲಿನವರು, ಕಾರ್ಖಾನೆಯವರು ತಮ್ಮ ತಮ್ಮ ನೀರಿನ ಫಲಿತಾಂಶವನ್ನು ತಾವೇ ನೋಡಿಕೊಳ್ಳುವ ಹಾಗೆ ಅವನೇ ಒಂದನ್ನು ಕಟ್ಟಿದ್ದ. ಲ್ಯಾಪ್‌ಟಾಪ್ ತೆರೆದು ಕೂತವನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಾಗ, ಇಷ್ಟು ಹತ್ತಿರ ಕೂತು ಎಷ್ಟು ದಿನವಾಯಿತು ಅನ್ನಿಸಿದ್ದು ಅವಳಿಗೆ ಈಗ ನೆನಪಾಗುತ್ತದೆ.

"ಒಬ್ಬೊಬ್ಬರಿಗೂ ಒಂದು ಹೆಸರು, ಒಂದು ಪಾಸ್‌ವರ್ಡ್. ಒಳಗೆ ಬಂದರೆ ಅವರ ಪಾಠ ಮಾತ್ರ ಕಾಣುತ್ತೆ. ಕೆಳಗೆ ಈ ಕೆಂಪು ಗುಂಡಿ ಒತ್ತಿ ಮಾತಾಡಿದರೆ ರೆಕಾರ್ಡ್ ಆಗುತ್ತೆ, ತಾನಾಗೇ ನಿನಗೆ ಬಂದು ಬೀಳುತ್ತೆ."

"ಪಾಸ್‌ವರ್ಡ್ ಉದ್ದ ಬೇಡ. ಕೈ ನಡುಗೋರಿದ್ದಾರೆ."

"ಸಣ್ಣದಿಟ್ಟರೆ ಯಾರು ಬೇಕಾದ್ರೂ ನುಗ್ತಾರೆ."

"ಯಾರು ನುಗ್ತಾರೆ? ಯಾರ ಮನೆ ಮುದುಕರೋ ದೀಪ ದೀಪ ಅನ್ನೋದನ್ನ ಕದ್ದು ಕೇಳೋಕೆ ಯಾರಿಗೆ ತಲೆ ಕೆಟ್ಟಿದೆ?" ಎಂದು ಅವಳು ನಕ್ಕಿದ್ದಳು.

ಗಂಡನೂ ನಕ್ಕ. "ಅವರಿಗೆ ಅವರವರದ್ದು. ನಿನಗೆ ಮಾತ್ರ ಎಲ್ಲರದ್ದೂ. ನೀನು ಮನೆ ಓನರ್ ಇದ್ದ ಹಾಗೆ, ಎಲ್ಲಾ ಕೋಣೆ ಬೀಗದ ಕೈನೂ ನಿನ್ನ ಹತ್ರ." ಆಮೇಲೆ ಏನನ್ನೋ ಯೋಚಿಸಿ ಕೇಳಿದ, "ರೆಕಾರ್ಡ್ ಮಾಡಿ ನಿಲ್ಲಿಸೋದು ಮರೆತರೆ? ಒಂದು ನಿಮಿಷಕ್ಕೆ ತಾನಾಗೇ ನಿಲ್ಲೋ ಹಾಗೆ ಮಾಡ್ಲಾ?"

"ಬೇಡ ಬೇಡ. ಒಂದು ಪದಕ್ಕೆ ಒಂದು ನಿಮಿಷ ತಗೊಳ್ಳೋರಿದ್ದಾರೆ. ಮಧ್ಯದಲ್ಲಿ ಕಟ್ಟಾದರೆ ಅಲ್ಲಿಗೇ ಎದೆ ಒಡೆದುಕೊಳ್ತಾರೆ. ನಿಲ್ಲಿಸದಿದ್ದರೆ ಓಡ್ತಾ ಇರಲಿ."

ಬೇಡ ಅಂದವಳು ತಾನೇ. ಅವನು ಕೇಳಿದ್ದ.

ಹರಾಜಿನವರನ್ನು ಮೊದಲ ಸಲ ಅವರ ಹೆಂಡತಿ ಮೆಟ್ಟಿಲು ಹತ್ತಿಸಿಕೊಂಡು ಬಂದಾಗ, ಅವರ ಬಲಗೈ ಜೇಬಿನಲ್ಲಿ ಯಾರೋ ಮರೆತುಹೋದ ವಸ್ತುವಿನ ಹಾಗೆ ಸುಮ್ಮನೆ ಬಿದ್ದಿತ್ತು. ಹಳೆಯ ಸಾಮಾನುಗಳನ್ನು ಹರಾಜು ಕೂಗುವ ಮಳಿಗೆಯಲ್ಲಿ ಬದುಕಿಡೀ ನಿಂತು ಕೂಗಿದ ಮನುಷ್ಯ. ಈಗ ಅವರಲ್ಲಿ ಉಳಿದದ್ದು ಒಂದೇ ಮಾತು: "ಅದೇ." ನೀರು ಬೇಕೆಂದರೂ ಅದೇ, ಬೇಡವೆಂದರೂ ಅದೇ, ಸಿಟ್ಟು ಬಂದರೆ ಅದೇ ಅದೇ ಅದೇ. ಮಾತು ಹೋದವರಿಗೂ ರೂಢಿಯ ಸಾಲುಗಳು ಎಲ್ಲೋ ತಳದಲ್ಲಿ ಉಳಿದಿರುತ್ತವೆ ಎಂಬುದು ಅವಳ ಓದು. ಅದನ್ನೇ ನೆಚ್ಚಿಕೊಂಡು, "ಒಂದು ಸಲ…" ಎಂದು ಅವಳು ಎತ್ತಿಕೊಟ್ಟಳು. ಅವರು ತಟ್ಟನೆ ಬೆನ್ನು ನೆಟ್ಟಗೆ ಮಾಡಿ, "ಒಂದು ಸಲ, ಎರಡು ಸಲ, ಮೂರು ಸಲ!" ಎಂದು ಕೆಳಗಿನ ಅಂಗಡಿಯವನು ಬೆಚ್ಚುವ ಹಾಗೆ ಕೂಗಿಬಿಟ್ಟರು. ಎಲ್ಲವೂ ತಿರುಗಿ ಬಂದಿತೆಂದು ಮುಖ ಅರಳಿಸಿಕೊಂಡು ಹೆಂಡತಿಯ ಕಡೆ ತಿರುಗಿ ಇನ್ನೇನೋ ಹೇಳಹೊರಟರು, ಬಂದದ್ದು ಅದೇ, ಅದೇ. ಕಣ್ಣಲ್ಲಿ ನೀರು ತುಂಬಿತು. "ಅದೊಂದನ್ನ ಹೇಳಿಸ್ಬೇಡಿ ಡಾಕ್ಟ್ರಮ್ಮ," ಎಂದಿದ್ದಳು ಹೆಂಡತಿ, ಗಂಡನ ಬಾಯಿಯನ್ನು ಸೆರಗಿನ ತುದಿಯಿಂದ ಒರೆಸುತ್ತ, "ಬೇರೆ ಏನಾದ್ರೂ ಕಲಿಸಿ." ತೆಳ್ಳಗಿನ, ಗಮನಕ್ಕೆ ಬಾರದ ಹೆಂಗಸು. ಮುಂದಿನ ಭೇಟಿಗಳಲ್ಲೂ ಮೂಲೆಯ ಕುರ್ಚಿಯಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ಕೇಳಿದ್ದಕ್ಕೆ ಎರಡು ಮಾತು, ಅಷ್ಟೇ. ಮೂಗಿಯನ್ನು ಕಟ್ಟಿಕೊಂಡ ಬಾಯಿಬಡುಕ ಎಂದು ಅವಳು ಒಳಗೊಳಗೇ ಅಂದುಕೊಂಡಿದ್ದಳು.

ಮೊದಲ ವಾರ ಹರಾಜಿನವರ ಖಾತೆಗೆ ಬಂದದ್ದು ಬರೀ ಅದೇ ಅದೇ, ಮಧ್ಯೆ ಒಂದು 'ದೀ'. ಮುಂದಿನ ವಾರದ ಒಂದು ರೆಕಾರ್ಡಿಂಗ್ ಮಾತ್ರ ತೀರ ಉದ್ದವಾಗಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳತೊಡಗಿದಳು. 'ದೀಪ' ಮುಗಿಯಿತು. ಆಮೇಲೆ ಕುರ್ಚಿ ಸರಿದ ಸದ್ದು, ಪಾತ್ರೆ, ಯಾವುದೋ ಬಾಗಿಲು. ಗುಂಡಿ ಒತ್ತಿ ನಿಲ್ಲಿಸುವುದನ್ನು ಮರೆತಿದ್ದಾರೆ ಎಂದು ಮುಚ್ಚಹೊರಟಾಗ, ತನ್ನದೇ ದನಿ ಕೇಳಿಸಿತು. "ಹ್ಞಾಂ… ತುಂಬಾ ಚೆನ್ನಾಗಿ ಹೇಳಿದ್ರಿ! ಈಗ ನನ್ನ ತುಟಿ ನೋಡಿ… ಬಾ… ಗಿ… ಲು…" ಅದೇ ಎಳೆತ, ಕೊನೆಯಲ್ಲಿ ಮೂಗಿಗೆ ಏರಿಸುವ ಅದೇ ಸಕ್ಕರೆ. ತಾನು ಯಾವಾಗ ಇದನ್ನು ಹೇಳಿದೆ ಎಂದು ಅವಳು ಒಂದು ಕ್ಷಣ ತಬ್ಬಿಬ್ಬಾದಳು. "ಅಯ್ಯೋ ಪಾಪ, ಬರಲಿಲ್ವಾ ಕಂದಾ? ಪರವಾಗಿಲ್ಲ, ಡಾಕ್ಟ್ರಮ್ಮ ಬೇಜಾರು ಮಾಡ್ಕೊಳ್ಳಲ್ಲ!" ಹರಾಜಿನವರು ನಕ್ಕರು. ಹೊಟ್ಟೆಯಿಂದ ಎದ್ದುಬಂದ ನಗೆ. ನಗುತ್ತ ನಗುತ್ತ, "ಸಾಕು ಮಾರಾಯ್ತಿ!" ಅಂದರು. ಎರಡು ಪದ, ಒಂದಕ್ಕೊಂದು ಅಂಟಿಕೊಂಡು, ತಪ್ಪಿಲ್ಲದೆ.

ತುತ್ತು ಅವಳ ಬಾಯಲ್ಲೇ ನಿಂತಿತು. ಮುಖ ಬಿಸಿಯಾದದ್ದು ಮೊದಲು, ಆ ಎರಡು ಪದಗಳ ಬೆರಗು ಆಮೇಲೆ. ಮೂಲೆಯಲ್ಲಿ ಬ್ಯಾಗು ಹಿಡಿದು ಕೂತ ಆ ಹೆಂಗಸು ತನ್ನನ್ನು ಹೀಗೆ ಅಣಕಿಸುವಷ್ಟು ಅಕ್ಷರ ಅಕ್ಷರ ನೋಡಿಕೊಂಡಿದ್ದಳೇ? ತಾನು ಹೀಗೆ ಮಾತಾಡುತ್ತೇನೆಯೇ, ಎಲ್ಲರ ಹತ್ತಿರ, ಎದುರಿಗಿರುವವರು ಬುದ್ಧಿ ಬೆಳೆಯದವರೇನೋ ಅನ್ನುವ ಹಾಗೆ? ಆ ಸಂಜೆ ತೊದಲುವ ವಕೀಲರ ಜೊತೆ 'ಚೆನ್ನಾಗಿ ಹೇಳಿದ್ರಿ' ಅನ್ನಲು ಹೋಗಿ ನಾಲಗೆ ಕಟ್ಟಿಕೊಂಡಿತು. ವಕೀಲರು ಕನಿಕರದಿಂದ, "ನಿ-ನಿಧಾನ," ಎಂದರು. ನ್ಯಾಯವಾಗಿ ಅವತ್ತೇ ಫೋನ್ ಮಾಡಿ ಹೇಳಬೇಕಿತ್ತು: ರೆಕಾರ್ಡ್ ಆದಮೇಲೆ ಗುಂಡಿ ಒತ್ತಿ, ಇಲ್ಲದಿದ್ದರೆ ಎಲ್ಲಾ ಕೇಳಿಸುತ್ತೆ. ಒಂದೇ ವಾಕ್ಯ. ಆದರೆ ಆ ವಾಕ್ಯ ಹೇಳಿದರೆ, ತಾನು ಆ ಅಣಕವನ್ನು ಕೇಳಿದ್ದೇನೆಂದು ಆಕೆಗೆ ತಿಳಿಯುತ್ತದೆ. ನಾಳೆ ಹೇಳೋಣ. ಅಲ್ಲದೆ, ಅವರು ನಗುವಾಗ ಮಾತು ಬರುತ್ತದೆಯಲ್ಲ, ಅದನ್ನು ಗಮನಿಸುವುದೂ ತನ್ನ ಕೆಲಸವೇ ತಾನೆ. ಕೆಲಸ ಎಂಬ ಪದ ಸಿಕ್ಕಮೇಲೆ ಅವಳಿಗೆ ನೆಮ್ಮದಿಯಾಯಿತು.

ನಾಳೆ ಎಂಬುದು ಬರಲಿಲ್ಲ. ಉದ್ದದ ರೆಕಾರ್ಡಿಂಗುಗಳು ಬರುತ್ತಲೇ ಹೋದವು, ಅವಳು ಮಧ್ಯಾಹ್ನದ ಬುತ್ತಿಯ ಹೊತ್ತನ್ನು ಕಾಯತೊಡಗಿದಳು. 'ದೀಪ', 'ಬಾಗಿಲು' ಇದ್ದ ಮೊದಲ ಭಾಗವನ್ನು ಹಾರಿಸಿ ನೇರ ಮನೆಯೊಳಕ್ಕೆ ಇಳಿಯುತ್ತಿದ್ದಳು. ಆಕೆ ಮಾತಾಡುತ್ತಿದ್ದಳು. ಮೂಗಿ ಅಂದುಕೊಂಡಿದ್ದ ಆಕೆ ಬಟ್ಟೆ ಮಡಚುತ್ತ, ಸೊಪ್ಪು ಬಿಡಿಸುತ್ತ, ಗಂಡನ ಕಾಲಿಗೆ ಎಣ್ಣೆ ತಿಕ್ಕುತ್ತ ಮಾತಾಡುತ್ತಿದ್ದಳು. ಕೆಳಗಿನ ಮನೆಯವರ ಜಗಳ, ತನ್ನ ತಂಗಿ ಗಂಡನ ಜಿಪುಣತನ, ಔಷಧಿ ಅಂಗಡಿಯವನು ಸೀನುವ ರೀತಿ, ಬಸ್ಸಿನಲ್ಲಿ ಯಾವಳೋ ಸೀಟಿಗಾಗಿ ಮಾಡಿದ ನಾಟಕ. ಒಬ್ಬೊಬ್ಬರಿಗೂ ಒಂದೊಂದು ದನಿ. ಅವರು ನಡುನಡುವೆ "ಅದೇ" ಎನ್ನುತ್ತಿದ್ದರು. ಹಿಂದೆಲ್ಲ ಊರಿಗೆಲ್ಲ ಕೇಳುವ ಹಾಗೆ ಕೂಗಿದವರು ಈಗ ಹ್ಞೂಂಗುಟ್ಟುವವರಾಗಿದ್ದರು. ಒಂದು ಮಧ್ಯಾಹ್ನ ಆಕೆ ನಕ್ಕು ಹೇಳಿದಳು, "ದೇವರಾಣೆಗೂ ಹೇಳ್ತೀನಿ, ನಿಮ್ಮ ಬಾಯಿ ಬಿದ್ದ ಮೇಲೆ ನನಗೆ ಬಾಯಿ ಬಂತು. ಪೂರ್ತಿ ವಾಸಿಯಾಗೋಕೆ ಅವಸರ ಮಾಡ್ಬೇಡಿ." ಆಮೇಲೆ ತಾನು ಆಡಿದ್ದಕ್ಕೆ ತಾನೇ ಹೆದರಿ, "ಛೆ, ಬಿಡ್ತು ಅನ್ನಿ," ಎಂದಳು. ಕೇಳುತ್ತಿದ್ದ ಇವಳೂ ಯಾರಿಲ್ಲದ ಕೋಣೆಯಲ್ಲಿ ಮೆಲ್ಲಗೆ ಬಿಡ್ತು ಅಂದಳು. ಒಮ್ಮೆ ಮನೆಯಲ್ಲೂ, ಸಂಜೆ ತರಕಾರಿ ಹೆಚ್ಚುತ್ತ ಕಿವಿಗೆ ಸಿಕ್ಕಿಸಿಕೊಂಡಿದ್ದಾಗ, ಗಂಡ ಬಾಗಿಲಲ್ಲಿ ನಿಂತು ಏನೋ ಹೇಳುತ್ತಿದ್ದಾನೆಂದು ಅವನ ತುಟಿಯಿಂದ ಗೊತ್ತಾಯಿತು. ಒಂದು ಕಿವಿಯದನ್ನು ತೆಗೆದು, "ಏನಂದೆ?" ಎಂದಳು. "ಏನಿಲ್ಲ ಬಿಡು, ಕೆಲಸ ಮಾಡ್ತಿದೀಯ," ಎಂದು ಹೊರಟುಹೋದ. ಅವನ ಮುಖದಲ್ಲಿ ಏನೋ ಇತ್ತು. ಕೇಳಬೇಕು ಅಂದುಕೊಂಡಳು, ಅಷ್ಟರಲ್ಲಿ ಕಿವಿಯಲ್ಲಿ ಔಷಧಿ ಅಂಗಡಿಯವನು ಸೀನಿದ.

ಆ ತೂಗುಕುರ್ಚಿಯ ಮಾತು ಬಂದದ್ದು ಅದಾದ ಕೆಲವು ದಿನಕ್ಕೆ. "ಇವತ್ತೊಂದು ಹೇಳ್ತೀನಿ, ಬೈಬೇಡಿ," ಎಂದು ಆಕೆ ಶುರುಮಾಡಿದಳು. "ಮದುವೆಯಾದ ಹೊಸತು. ನಿಮ್ಮ ಅಕ್ಕ, ಭಾವ ಬಂದಿದ್ರು. ನಾನು ಎದುರುಮನೆಯವಳ ಥರ ಮಾತಾಡಿ ತೋರಿಸ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀವು ಒಳಗೆ ಕರೆದು, 'ಮನೆಗೊಬ್ಬ ಕೂಗೋನು ಸಾಕು' ಅಂದ್ರಿ. ಆಯ್ತು ಅಂದೆ. ಅವತ್ತು ಮುಚ್ಚಿದ ಬಾಯಿ. ಆಮೇಲೊಂದು ದಿನ ನನಗೇನಾಯ್ತೋ, ತಲೆ ತುಂಬ ಹೊದ್ದುಕೊಂಡು ನಿಮ್ಮ ಹರಾಜಿಗೆ ಬಂದುಬಿಟ್ಟೆ. ಹಿಂದಿನ ಸಾಲಲ್ಲಿ ಕೂತೆ. ನೀವು ಒಂದು ಬೆತ್ತದ ತೂಗುಕುರ್ಚಿ ಕೂಗ್ತಿದ್ರಿ. ನಾನು ದಪ್ಪ ಗಂಟಲು ಮಾಡ್ಕೊಂಡು, ದೊಡ್ಡ ಮನೆ ಯಜಮಾನಿ ಥರ, ಬೆಲೆ ಏರಿಸ್ದೆ. ಮುಂದಿದ್ದವನು ಏರಿಸ್ದ. ನಾನೂ ಏರಿಸ್ದೆ. ಸೆರಗಿನ ಗಂಟಲ್ಲಿ ಬಸ್ಸಿನ ಚಾರ್ಜು ಬಿಟ್ಟರೆ ಏನೂ ಇಲ್ಲ. ನೀವು ನನ್ನ ಕಡೆಗೇ ಕೈ ತೋರಿಸಿ, 'ಅಮ್ಮಾವರು ಕೇಳಿದ್ದಾರೆ! ಯಾರಿದ್ದೀರಿ ಮುಂದೆ!' ಅಂತ ಕೂಗ್ತಿದ್ರಿ. ನನ್ನ ಗಂಡ ನನ್ನನ್ನೇ ಅಮ್ಮಾವರು ಅಂತಿದಾರೆ! ನಗು ಬರ್ತಿದೆ, ಸೆರಗು ಬಾಯಿಗೆ ಒತ್ಕೊಂಡೆ. ಕೊನೆಗೆ ಮುಂದಿನವನೇ ತಗೊಂಡ, ನಾನು ಎದ್ದು ಓಡಿದೆ." ಸೊಪ್ಪಿನ ಕಡ್ಡಿ ಮುರಿದ ಸದ್ದು. "ಮನೆಗೆ ಬಂದು ಊಟಕ್ಕೆ ಕೂತು ನೀವೇ ಹೇಳಿದ್ರಿ, ಹಿಂದಿನ ಸಾಲಲ್ಲಿ ಯಾರೋ ಒಬ್ಬಳು ಕೂಗಿದ್ಲು, ಏನು ಗಂಟಲು ಅಂತೀಯ, ಕಂಚು ಕಂಚು ಅಂತ. ನಾನು ಬಡಿಸ್ತಾ ನಿಂತಿದ್ದೆ. ನಾನೇ ಅಂತ ಹೇಳೋಣ ಅಂತ ನಾಲಗೆ ತುದಿಗೆ ಬಂತು. ಆದರೆ ಒಂದೇ ಮನೇಲಿದ್ದು ಹೆಂಡತಿ ದನಿ ಗೊತ್ತಾಗದ ಮನುಷ್ಯನಿಗೆ ಏನಂತ ಹೇಳೋದು? ಅದಕ್ಕೇ ಹೇಳ್ಲಿಲ್ಲ." ಒಲೆಯ ಮೇಲೆ ಏನೋ ಉಕ್ಕಿತು. ಆಕೆ "ಅಯ್ಯೋ" ಎಂದು ಎದ್ದು ಹೋದ ಹೆಜ್ಜೆ, ದೂರದಲ್ಲಿ ನಲ್ಲಿ ತಿರುಗಿಸಿದ ಸದ್ದು, ಪಾತ್ರೆಗೆ ಬೀಳುವ ನೀರು. ಈಚೆ, ಫೋನಿನ ಹತ್ತಿರ, ಒಂದು ಉಸಿರು ಮೇಲೇರಿತು. ಎಡವಿತು. ಮತ್ತೆ ಏರಿತು. ಹರಾಜಿನವರು ಹೇಳಿದರು:

"ಗೊತ್ತಿತ್ತು."

ನೀರಿನ ಸದ್ದು ಮುಂದುವರಿಯಿತು. ಆಕೆಗೆ ಕೇಳಿಸಲಿಲ್ಲ.

ಅವಳು ಅದನ್ನು ಹಿಂದಕ್ಕೆ ಓಡಿಸಿ ಮತ್ತೆ ಮತ್ತೆ ಕೇಳಿದಳು. 'ಗ' ಗಂಟಲ ಹಿಂದಿನಿಂದ ಎಳೆದು ತರಬೇಕಾದ ಅಕ್ಷರ. 'ಬಾಗಿಲು' ಹೇಳುವಾಗಲೂ ಅದು ಅವರಿಗೆ ಒಮ್ಮೆಯೂ ಬಂದಿರಲಿಲ್ಲ. ಮೊದಲು ಬಂದದ್ದು ಸಂತೋಷ, ವೃತ್ತಿಯವಳ ಸಂತೋಷ. ಅದರ ಬೆನ್ನಿಗೇ ಇಯರ್‌ಫೋನನ್ನು ಕಿವಿಯಿಂದ ಕಿತ್ತಿಟ್ಟಳು. ಈ ಮಾತು ತನ್ನದಲ್ಲ. ಇಷ್ಟು ವರ್ಷ ಒಬ್ಬಳು ಕಾಯ್ದ ಮಾತನ್ನು ಆಕೆ ಎದ್ದುಹೋದ ಹೊತ್ತಿನಲ್ಲಿ ತಾನು ಆಕೆಯ ಜಾಗದಲ್ಲಿ ಕೂತು ಇಸಿದುಕೊಂಡಿದ್ದೇನೆ. ಅನ್ನದ ಕೈಯಲ್ಲೇ ಲ್ಯಾಪ್‌ಟಾಪ್ ಎಳೆದುಕೊಂಡು, ಆ ಖಾತೆಯ ಉದ್ದದ ರೆಕಾರ್ಡಿಂಗುಗಳನ್ನೆಲ್ಲ ಒಂದೊಂದಾಗಿ ಅಳಿಸಿದಳು. ಪ್ರತಿ ಸಲವೂ ಪರದೆ ಕೇಳುತ್ತಿತ್ತು, ಖಂಡಿತವೇ? ಖಂಡಿತ. ಖಂಡಿತ. ಮುಗಿದ ಮೇಲೆ ಕೈ ತೊಳೆದುಕೊಂಡು ಬಂದಳು. ಇನ್ನು ಇದು ಆಗಿಯೇ ಇಲ್ಲ ಅಂದುಕೊಂಡಳು. ಆದರೆ ಬಸ್ಸಿನ ಕಂಬಿ ಹಿಡಿದು ನಿಂತಾಗ, ಗಂಡನ ಅಂಗಿಗೆ ಗುಂಡಿ ಹಾಕುವಾಗ, ಆ ಒಂದು ಪದ ಕಿವಿಯ ಒಳಗೇ ಕೂತು ಉಸಿರಾಡುತ್ತಿತ್ತು. ಹೇಳಿದರೆ ಆಕೆಗೆ ಸುಖವೋ? ಗೊತ್ತಿದ್ದರೆ ಆ ಊಟದ ಹೊತ್ತಿನ ಕಂಚು ಕಂಚು ಎಂಬ ಹೊಗಳಿಕೆ ಬೇಕೆಂದೇ ಹೇಳಿದ್ದಾಯಿತು. ಹೆಂಡತಿ ಬಾಯಿ ಬಿಡಲಿ ಎಂದು ಕಾಯುತ್ತ ಕೂತಿದ್ದ ಗಂಡನೇ? ಅಥವಾ, ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಆಕೆಯನ್ನು ಆಡಿಸಿದ ಗಂಡನೇ? ಇಲ್ಲ, ಯಾರಿಗೋ ಏನಕ್ಕೋ ಹೇಳಿದ, ನಾಲಗೆ ತಾನಾಗಿ ಉರುಳಿಸಿದ ಬರೀ ಸದ್ದೇ? ಹೇಳದೆ ಇದ್ದುಬಿಡಬಹುದಿತ್ತು. ಆದರೆ ಹಿಂದಿನ ವಾರ ಪಾಠ ಮುಗಿದು, ಅವಳು ಹರಾಜಿನವರಿಗೆ ಚಪ್ಪಲಿ ಸರಿಮಾಡಿಕೊಡುತ್ತಿದ್ದಾಗ, ಹೆಂಡತಿ ಮೆಟ್ಟಿಲ ಕೆಳಗಿನಿಂದ, "ಬನ್ನಿ ಇಳಿದು," ಎಂದು ಕರೆದಳು. ಅವರು ಅತ್ತಿತ್ತ ನೋಡಿದರು. "ನಾನೇ ರೀ ಕರೆದದ್ದು," ಎಂದು ಆಕೆ ಇವಳ ಕಡೆ ನೋಡಿ ನಕ್ಕಳು. "ಇವರಿಗೆ ನನ್ನ ದನಿ ಯಾವತ್ತೂ ಗೊತ್ತಾಗಲ್ಲ ಡಾಕ್ಟ್ರಮ್ಮ." ನಗುವಿನ ಅಡಿಯಲ್ಲಿ ಏನಿತ್ತೆಂದು ಇಡೀ ಜಗತ್ತಿನಲ್ಲಿ ಇವಳೊಬ್ಬಳಿಗೆ ಗೊತ್ತಿತ್ತು.

ಈಗ ಮೆಟ್ಟಿಲ ಮೇಲೆ ಊರುಗೋಲಿನ ಸದ್ದಾಯಿತು. ಅವರು ಬಂದರು, ಕೂತರು. ಆಕೆ ಮೂಲೆಯ ಕುರ್ಚಿಗೆ ಹೋಗುತ್ತಿದ್ದಾಗ ಅವಳು, "ಇಲ್ಲೇ ಕೂತ್ಕೊಳ್ಳಿ, ಹತ್ತಿರ," ಎಂದಳು. ಆಮೇಲೆ ಹೇಳಿದಳು. ಹೇಗೆ ಹೇಳಿದಳೋ ಅವಳಿಗೆ ನೆನಪಿಲ್ಲ. ಕೆಂಪು ಗುಂಡಿ, ನಿಲ್ಲಿಸದಿದ್ದರೆ ಓಡುತ್ತಿರುವುದು, ತಾನು ಮೊದಲ ದಿನವೇ ಹೇಳಬೇಕಾಗಿದ್ದದ್ದು, ಎಲ್ಲ ಹಿಂದುಮುಂದಾಗಿ ಬಂದವು. ಆಕೆಯ ಕೈ ಬ್ಯಾಗಿನ ಹಿಡಿಯನ್ನು ಸುತ್ತುತ್ತ ಸುತ್ತುತ್ತ ನಿಂತಿತು.

"ಅಂದ್ರೆ, ನಾವು ಮಾತಾಡಿದ್ದೆಲ್ಲಾ?"

"ಹೌದು."

"ನಿಮ್ಮ ಥರ ಮಾತಾಡಿದ್ದೂ?"

"ಅದೂ."

ಆಕೆಯ ಕತ್ತು ಕೆಂಪಾಯಿತು. "ಒಂದಿನ ಆದ್ರೆ ಮರೆತ್ರಿ ಅನ್ನಬಹುದು. ಇಷ್ಟು ದಿನ ನಮ್ಮ ಅಡುಗೆಮನೇಲಿ ಕೂತಿದ್ರಾ ನೀವು? ಊಟ ಮಾಡ್ಕೊಂಡು?" ಕೊನೆಯ ಮಾತು ಎಲ್ಲಿಂದ ಬಂತೋ. ಬುತ್ತಿಯ ವಿಷಯ ಆಕೆಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಅವಳು ತಲೆ ತಗ್ಗಿಸಿದಳು. "ತಪ್ಪಾಯ್ತು. ಎಲ್ಲಾ ಅಳಿಸಿದ್ದೀನಿ, ಒಂದೂ ಇಲ್ಲ. ಆದರೆ ಒಂದು ಮಾತಿದೆ, ಅದು ನಿಮ್ಮದು. ತೂಗುಕುರ್ಚಿ ವಿಷಯ ಹೇಳಿದ ದಿನ ನೀವು ಎದ್ದು ಒಳಗೆ ಹೋದ್ರಿ. ಆಗ ಇವರು 'ಗೊತ್ತಿತ್ತು' ಅಂದರು."

ಆಕೆ ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ಅವಳ ಕಡೆಗೆ ತಳ್ಳಿದಳು.

"ಕೇಳಿಸಿ," ಎಂದಳು ಆಕೆ.

"ಅಳಿಸಿಬಿಟ್ಟೆ ಅಂದೆನಲ್ಲ."

"ಅದನ್ನೂ?"

ಅಳಿಸಿದ್ದನ್ನು ಆಕೆಗೆ ಮಾಡಿದ ಉಪಕಾರವೆಂದು ಅವಳು ಈವರೆಗೂ ನಂಬಿದ್ದಳು. ಆಕೆ ಗಂಡನ ಕಡೆ ತಿರುಗಿದಳು. ಮುಖ ಹತ್ತಿರ ತಂದು, ಯಾರ ದನಿಯೂ ಅಲ್ಲದ, ಒಣಗಿದ, ತನ್ನದೇ ದನಿಯಲ್ಲಿ ಕೇಳಿದಳು, "ಹೌದಾ? ಗೊತ್ತಿತ್ತಾ ನಿಮಗೆ?"

ಹರಾಜಿನವರ ತುಟಿ ತೆರೆಯಿತು. ಕತ್ತಿನ ನರ ಎದ್ದಿತು. "ಅದೇ," ಎಂದರು. "ಅದೇ. ಅದೇ ಅದೇ!" ಎಡಗೈಯಿಂದ ತೊಡೆ ಹೊಡೆದುಕೊಂಡರು.

"ಇದನ್ನ ಹೌದು ಅಂತ ಇಟ್ಕೊಳ್ಳೋದೋ, ಇಲ್ಲ ಅಂತ ಇಟ್ಕೊಳ್ಳೋದೋ ನೀವೇ ಹೇಳಿ," ಎಂದು ಆಕೆ ಎದ್ದಳು. "ಮೊದಲು ನಮ್ಮ ಹೆಸರು ತೆಗೀರಿ ಅದರಿಂದ. ಈಗಲೇ, ನನ್ನ ಕಣ್ಣೆದುರಿಗೆ." ಅವಳು ತೆಗೆದಳು. ಪರದೆ ಕೇಳಿತು, ಖಂಡಿತವೇ? ಆಕೆಯೇ ಕೈ ಚಾಚಿ ಗುಂಡಿ ಒತ್ತಿದಳು. ಊರುಗೋಲು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಕೇಳಿಸಿಕೊಳ್ಳದೆ ಇರುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಅವತ್ತು ಸಂಜೆ ಗಂಡನಿಗೂ ಹೇಳಿದಳು. ಅವನು, ನಿಲ್ಲೋ ಹಾಗೆ ಮಾಡ್ಲಾ ಅಂತ ನಾನು ಅವತ್ತೇ ಕೇಳಿದ್ದೆನಲ್ಲ, ಎನ್ನಲಿಲ್ಲ. ಲ್ಯಾಪ್‌ಟಾಪ್ ತೆಗೆದು, ರೆಕಾರ್ಡಿಂಗ್ ತಾನಾಗಿ ನಿಲ್ಲುವ ಹಾಗೆ ಮಾಡಿ, ಓಡುತ್ತಿರುವಷ್ಟು ಹೊತ್ತೂ ಪರದೆ ತುಂಬ ದಪ್ಪಕ್ಷರದಲ್ಲಿ 'ಡಾಕ್ಟ್ರಮ್ಮನಿಗೆ ಕೇಳಿಸುತ್ತಿದೆ' ಎಂದು ಕಾಣುವ ಹಾಗೆ ಮಾಡಿಕೊಟ್ಟ. ಅವನ ಬೆರಳುಗಳನ್ನು ನೋಡುತ್ತ ಅವಳು ಕೇಳಿದಳು, "ಅವತ್ತು ಅಡುಗೆಮನೆ ಬಾಗಿಲಲ್ಲಿ ನಿಂತು ಏನೋ ಹೇಳ್ತಿದ್ದೆ. ಏನದು?" ಅವನು ನಿಜಕ್ಕೂ ಯೋಚಿಸಿದ. "ನೆನಪಿಲ್ಲ ಕಣೇ," ಎಂದ. ಕೋಪದಿಂದ ಹೇಳಿದ್ದರೆ ಚೆನ್ನಾಗಿತ್ತು. ಮರುದಿನದಿಂದ ಬರುವವರಿಗೆಲ್ಲ, ಒಬ್ಬೊಬ್ಬರಿಗೇ ವಿಷಯ ಹೇಳಿ ಕ್ಷಮೆ ಕೇಳಿದಳು. ಅಜ್ಜಿ ಕತ್ತಿನ ಪಟ್ಟಿ ಒತ್ತಿಕೊಂಡು, ನಮ್ಮನೆ ಸೊಸೆ ಏನಂದ್ಲು ಹೇಳು ಎಂದು ಗೊರಗುಟ್ಟಿದಳು. ವಕೀಲರು ಕಾನೂನಿನ ಪ್ರಕಾರ ಇದು ಏನಾಗುತ್ತದೆಂದು ವಿವರಿಸಲು ಹೊರಟು, 'ಅ' ಅಕ್ಷರದಲ್ಲೇ ಸಿಕ್ಕಿಕೊಂಡು, ಕೈಯಾಡಿಸಿ ಬಿಟ್ಟುಬಿಟ್ಟರು. ಒಬ್ಬರು ಮಾತ್ರ ಬರುವುದನ್ನೇ ನಿಲ್ಲಿಸಿದರು. ಹರಾಜಿನವರ ಹೊತ್ತನ್ನು ಅವಳು ಯಾರಿಗೂ ಕೊಡಲಿಲ್ಲ. ಆ ಹೊತ್ತಿಗೆ ಕೋಣೆಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಕೂತಷ್ಟೂ ಆ 'ಗೊತ್ತಿತ್ತು' ಸವೆಯುತ್ತ ಬಂತು. ನೀರಿನ ಸದ್ದಿನ ನಡುವೆ ಕೇಳಿದ್ದು ಪೂರ್ತಿ ಪದವೇ? ಬಾಲ ತಾನೇ ಸೇರಿಸಿಕೊಂಡೆನೇ? ಕೇಳುವುದನ್ನೇ ಕಸುಬು ಮಾಡಿಕೊಂಡ ಕಿವಿ ಇದು. ಇದನ್ನೂ ನಂಬಲಾಗದೆ ಹೋದರೆ ಇನ್ನು ಉಳಿದದ್ದೇನು?

ಅವರು ಬರುವುದಿಲ್ಲ ಎಂದು ಖಚಿತವಾದ ಮೇಲೆ ಒಂದು ದಿನ ಬಂದರು. ಹೇಳದೆ ಕೇಳದೆ, ತಮ್ಮದೇ ಹೊತ್ತಿಗೆ. ಹರಾಜಿನವರು ಸೊರಗಿದ್ದರು, ಆದರೆ ಅಂಗಿಯ ಇಸ್ತ್ರಿ ಗರಿಗರಿಯಾಗಿತ್ತು. ಆಕೆ ಮೂಲೆಗೆ ಹೋಗಲಿಲ್ಲ, ಬ್ಯಾಗನ್ನು ನೆಲಕ್ಕಿಟ್ಟು ಗಂಡನ ಪಕ್ಕದಲ್ಲೇ ಕೂತಳು.

"ಸಿಟ್ಟು ಹೋಗಿಲ್ಲ ನನಗೆ," ಎಂದಳು. "ಅದು ಇರಲಿ. ಇವರ ಹತ್ರ ಅವತ್ತಿಂದ ನಾನು ಸರಿಯಾಗಿ ಮಾತಾಡಿಲ್ಲ. ಮಾತು ಶುರುಮಾಡಿದ್ರೆ ಅಲ್ಲಿಗೇ ಹೋಗಿ ನಿಲ್ಲುತ್ತೆ. ಕೇಳಿದ್ರೆ ಅದೇ ಅದೇ ಅಂತಾರೆ."

"ಆಗುತ್ತೆ. ಅದು ಅವರ ಕೈಲಿಲ್ಲ."

"ಗೊತ್ತು. ಅದಕ್ಕೇ ಬಂದದ್ದು. ಈ ದೀಪ, ಬಾಗಿಲು ಎಲ್ಲಾ ಎತ್ತಿಡಿ. ಇವರಿಗೆ ಎರಡೇ ಮಾತು ಕಲಿಸಿ. 'ಗೊತ್ತಿತ್ತು' ಅಂತ ಒಂದು. 'ಗೊತ್ತಿರಲಿಲ್ಲ' ಅಂತ ಒಂದು." ಆಕೆ ಗಂಡನ ಬಿದ್ದುಹೋದ ಬಲಗೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. "ಎರಡನ್ನೂ ಸಮವಾಗಿ ಕಲಿಸ್ಬೇಕು. ನನಗೆ ಯಾವುದು ಬೇಕು ಅಂತ ಇವರ ಮುಂದೆ ತೋರಿಸ್ಕೊಳ್ಳಲ್ಲ, ನೀವೂ ತೋರಿಸ್ಕೋಬೇಡಿ. ಕಲಿತ ಮೇಲೆ ಯಾವುದನ್ನ ಹೇಳ್ತಾರೋ ಅವರಿಷ್ಟ."

ಅವಳು ಕಾರ್ಡುಗಳನ್ನು ಎತ್ತಿಟ್ಟಳು. ಕನ್ನಡಿಯನ್ನು ಹರಾಜಿನವರ ಎದುರಿಗೆ ಸರಿಸಿ, ತಾನೂ ಅದರಲ್ಲಿ ಕಾಣುವ ಹಾಗೆ ಬಗ್ಗಿದಳು. 'ತುಂಬಾ ಚೆನ್ನಾಗಿ' ಎಂಬ ಮಾತು ಅಭ್ಯಾಸಬಲದಿಂದ ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಬೀದಿಯಲ್ಲಿ ಯಾರ ಹತ್ತಿರವಾದರೂ ಮಾತಾಡುವ ಹಾಗೆ, "ನಾಲಗೆ ಹಿಂದಕ್ಕೆ ಎಳ್ಕೊಳ್ಳಿ. ಗಂಟಲಿಂದ. ಗ," ಎಂದಳು. ಮೊದಲ ವಾರ ಬರೀ ಗಾಳಿ ಬಂತು. ಮುಂದಿನ ವಾರ 'ಕ' ಬಂತು. ಇನ್ನೊಂದು ವಾರ ಏನೂ ಬಾರದೆ ಹರಾಜಿನವರು ಕನ್ನಡಿಯನ್ನು ತಳ್ಳಿ ಗೋಡೆಗೆ ಮುಖ ಮಾಡಿ ಕೂತರು. ಆಕೆ ಕರೆಯಲಿಲ್ಲ, ಕಾದಳು. ಎರಡೂ ಮಾತುಗಳನ್ನು ಅವಳು ಒಂದೇ ಹದದಲ್ಲಿ ಹೇಳುತ್ತಿದ್ದಳು. ಎರಡೂ ಒಂದೇ ದಾರಿಯಲ್ಲಿ 'ಗೊತ್ತಿ'ಯವರೆಗೆ ಜೊತೆಯಾಗಿ ನಡೆದು ಆಮೇಲೆ ಬೇರೆಯಾಗುತ್ತವೆ ಎಂಬುದನ್ನು ಹೇಳಿಕೊಡುವಾಗಲೇ ಅವಳು ಮೊದಲ ಸಲ ಗಮನಿಸಿದ್ದು. ಒಂದು ಮಧ್ಯಾಹ್ನ ಕಿಟಕಿಯ ಬಿಸಿಲು ಮೇಜಿನಂಚಿಗೆ ಬಂದಿದ್ದಾಗ, ಯಾರೂ ಎತ್ತಿಕೊಡದೆ, ಕನ್ನಡಿಯನ್ನೂ ನೋಡದೆ, ಹರಾಜಿನವರು ಹೆಂಡತಿಯ ಕಡೆ ತಿರುಗಿದರು. ಉಸಿರು ಎಳೆದುಕೊಂಡರು.

"ಗೊ," ಎಂದರು. ಆಕೆ ಅಲುಗಾಡಲಿಲ್ಲ.

"ಗೊ… ಗೊತ್ತಿ…"

ಅಲ್ಲಿ ನಿಂತರು. ಹಣೆಯ ಮೇಲೆ ಬೆವರಿತ್ತು, ಬಾಯಿ ತೆರೆದೇ ಇತ್ತು, ಮುಂದಿನ ಅಕ್ಷರ ನಾಲಗೆಯ ಹಿಂದೆ ಎಲ್ಲೋ ಮೆಟ್ಟಿಲು ಹತ್ತುತ್ತಿತ್ತು. ಇಬ್ಬರು ಹೆಂಗಸರೂ ಅವರ ತುಟಿಯನ್ನು ನೋಡುತ್ತ ಕೂತರು. ಯಾರೂ ಅವರ ಪರವಾಗಿ ಮುಗಿಸಲು ಹೋಗಲಿಲ್ಲ.